ಮಗ್ಗುಲು ಬದಲಿಸುವ ಯಂತ್ರ

ಜನವರಿ 8, ಸೋಮವಾರ

ಬೆಳಗಿನ ಎರಡು ಪೀರಿಯಡ್ ಎಂದಿನಂತೆ. ಅದೇ ಗೇರ್, ಅದೇ ಹಲ್ಲು, ಹಿಂದಿನ ಬೆಂಚಿನಿಂದ ಅದೇ ಆಕಳಿಕೆ. ಮಧ್ಯಾಹ್ನ ಹೊಸ ತಂಡದ ಮೊದಲ ಸಭೆ. ಮೂರು ವರ್ಷ ಬೆನ್ನು ಬಿದ್ದು ಪಡೆದ ಕೋರ್ಸು ಇದು — ಬೇರೆ ಬೇರೆ ವಿಭಾಗದ ಮಕ್ಕಳು ಒಟ್ಟಿಗೆ ಕೂತು, ಯಾರಿಗೋ ನಿಜಕ್ಕೂ ಬೇಕಾದ ಒಂದು ವಸ್ತು ಮಾಡಬೇಕು. ಎಚ್‌ಒಡಿ ಒಪ್ಪಿದ್ದು ಒಂದೇ ಸೆಮಿಸ್ಟರಿಗೆ.

"ಒಂದು ಸಲ ನೋಡೋಣ ಮೇಡಂ. ಏನೂ ಆಗ್ಲಿಲ್ಲ ಅಂದ್ರೆ ಮತ್ತೆ ಈ ಮಾತು ಎತ್ತಬಾರದು."

ಆಯಿತು ಎಂದೆ. ಬೇರೇನು ಹೇಳಲಿ.

ನಾಲ್ವರು. ನಮ್ಮ ಮೆಕ್ಯಾನಿಕಲ್ಲಿನಿಂದ ಬೋಲ್ಟು. ಆರಡಿ ಆಳು, ಯಾವ ತೊಂದರೆಗೂ ಒಂದೇ ಮದ್ದು — "ಇನ್ನೊಂದು ಬೋಲ್ಟ್ ಹಾಕೋಣ ಮೇಡಂ." ಎಲೆಕ್ಟ್ರಾನಿಕ್ಸ್‌ನಿಂದ ಬೀಪ್ — ಅವಳು ಮಾಡಿದ್ದೆಲ್ಲ ಕೊನೆಗೆ ಬೀಪ್ ಎನ್ನುತ್ತದಂತೆ, ಹೆಸರು ಗೆಳತಿಯರು ಇಟ್ಟಿದ್ದು. ನರ್ಸಿಂಗ್ ಕಾಲೇಜಿನಿಂದ ಒಬ್ಬ ಹುಡುಗ. ಆಸ್ಪತ್ರೆಯಲ್ಲಿ ಎಲ್ಲರೂ ಬ್ರದರ್ ಎನ್ನುತ್ತಾರೆ, ನಾವೂ ಹಾಗೇ ಕರೆದೆವು. ಒಂದು ಗಂಟೆಯಲ್ಲಿ ಆತ ಆಡಿದ್ದು ಎರಡು ಮಾತು, ಎರಡೂ "ಸರಿ." ಜವಳಿ ವಿಭಾಗದಿಂದ ನೂಲು. ಕೈಯಲ್ಲಿ ಸದಾ ಒಂದು ದಾರದ ತುಂಡು, ಬೆರಳಿಗೆ ಸುತ್ತುವುದು, ಬಿಚ್ಚುವುದು.

ಮಾಡಬೇಕಾದದ್ದು — ಹಾಸಿಗೆ ಹಿಡಿದ ರೋಗಿಯ ಮಗ್ಗುಲು ಬದಲಿಸುವ ಸಾಧನ. ಎರಡು ಗಂಟೆಗೊಮ್ಮೆ ಬದಲಿಸದಿದ್ದರೆ ರೋಗಿಯ ಬೆನ್ನು ಹುಣ್ಣಾಗುತ್ತದೆ. ಬದಲಿಸುತ್ತಲೇ ಹೋದರೆ ನರ್ಸಿನ ಬೆನ್ನು ಹೋಗುತ್ತದೆ. ಇದು ಪುಸ್ತಕದಿಂದ ಬಂದ ವಿಷಯವಲ್ಲ. ನಮ್ಮ ಮನೆಯ ಮಹಡಿಯಿಂದ ಬಂದದ್ದು. ಕೆಳಗೆ ನಾನು ಮತ್ತು ಇವರು, ಮೇಲಿನ ಕೋಣೆಯಲ್ಲಿ ಅಕ್ಕ. ಕಾಲೇಜಿನ ಪಕ್ಕದ ಆಸ್ಪತ್ರೆಯ ಎಂಟನೇ ವಾರ್ಡಿಗೆ ಹೆಡ್ ಸಿಸ್ಟರ್. ಊರೆಲ್ಲ ಅವಳನ್ನು ಸಿಸ್ಟರ್ ಎನ್ನುತ್ತದೆ. ಅವಳ ನಿಜವಾದ ಸಿಸ್ಟರ್ ನಾನೊಬ್ಬಳು ಅಕ್ಕ ಎನ್ನುತ್ತೇನೆ.

ಈಚೆಗೆ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಾಳೆ. ಏನೋ ನೆನಪಾದವಳ ಹಾಗೆ ನಟನೆ. ಮಾರ್ಚ್ ಕೊನೆಗೆ ಅವಳ ಮೆಡಿಕಲ್ ತಪಾಸಣೆ. ಬೆನ್ನು ಫೇಲಾದರೆ ವಾರ್ಡಿನಿಂದ ತೆಗೆದು ಚೀಟಿ ಕೌಂಟರಿನಲ್ಲಿ ಕೂರಿಸುತ್ತಾರೆ.

"ಚೀಟಿ ಬರೆಯೋಕೆ ಮೂವತ್ತು ವರ್ಷ ನರ್ಸ್ ಕೆಲಸ ಮಾಡಿದ್ನಾ ನಾನು?"

ಕೊಡಬೇಕಾದ ಉತ್ತರ ಬಾಯಿಂದ ಕೊಡುವಂಥದ್ದಲ್ಲ.


ಜನವರಿ 19, ಶುಕ್ರವಾರ

ಚೆನ್ನಾಗಿ ನಡೆಯುತ್ತಿದೆ. ಬಹುಶಃ.

ಬೋಲ್ಟು ಚೌಕಟ್ಟಿನ ಡ್ರಾಯಿಂಗ್ ಮುಗಿಸಿದ. ಬೀಪ್ ಮೋಟಾರ್ ಆರಿಸಿದಳು, ಮೊಬೈಲಿಗೆ ಒಂದು ಆ್ಯಪ್ ಕೂಡ ಬರುತ್ತದಂತೆ. ಬ್ರದರ್ ವಾರ್ಡಿನ ಬಗ್ಗೆ ಎರಡು ಪುಟ ಬರೆದು ಕೊಟ್ಟ — ಡ್ಯೂಟಿ ಬದಲಾಗುವಾಗ ನರ್ಸುಗಳು ಒಬ್ಬರಿಗೊಬ್ಬರು ಕೊಡುವ ನಮೂನೆಯಲ್ಲಿ, ಅಚ್ಚುಕಟ್ಟು ಅಕ್ಷರ. ಫೈಲಿಗೆ ಹಾಕಿದೆ. ಸಭೆಯಲ್ಲಿ ಒಂದೇ ವಾಕ್ಯ ಹೇಳಿದ: "ನಮ್ಮಲ್ಲಿ ಪೇಷಂಟ್ ಲೋಡ್ ಜಾಸ್ತಿ."

ಎಲ್ಲರೂ ಬರೆದುಕೊಂಡರು.

ನೂಲು ಕೇಳಿದಳು, "ನಾನೇನು ಮಾಡ್ಲಿ ಮೇಡಂ?" ಒಂದು ಗಳಿಗೆ ಹೊಳೆಯಲಿಲ್ಲ. ಪೋಸ್ಟರ್ ನೋಡಿಕೊ, ಯಂತ್ರಕ್ಕೆ ಬಣ್ಣ ಆರಿಸು ಎಂದೆ. ತಲೆಯಾಡಿಸಿದಳು. ದಾರ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು.


ಫೆಬ್ರವರಿ 7, ಬುಧವಾರ, ಸಂಜೆ 6

ಮಾನ ಹೋಯಿತು.

ಯಂತ್ರವನ್ನು ಎಂಟನೇ ವಾರ್ಡಿಗೆ ಒಯ್ದೆವು. ಅರವತ್ತನಾಲ್ಕು ಕೆಜಿ. ನಾಲ್ಕು ಜನ ಹೊತ್ತು ತಂದದ್ದು ನೋಡಿ ಅಕ್ಕ ಬಾಗಿಲಲ್ಲೇ ಕೇಳಿದಳು, "ಇದನ್ನ ಮಗ್ಗುಲು ಬದಲಿಸೋಕೆ ಯಾರನ್ನ ಕರೀಬೇಕು?"

ಮಂಚದ ಹತ್ತಿರ ತಂದರೆ — ನುಗ್ಗುವುದಿಲ್ಲ. ಎರಡು ಮಂಚದ ನಡುವಿನ ಜಾಗ ಅಷ್ಟಿಲ್ಲ. ಓರೆ ಮಾಡಿದರೂ ಇಲ್ಲ. ಬೋಲ್ಟು ಟೇಪ್ ಹಿಡಿದು ಅಳೆದ, ಮತ್ತೆ ಅಳೆದ, ಮಂಚಗಳನ್ನು ತಪ್ಪಾಗಿ ಹಾಕಿದ್ದಾರೆ ಎಂದ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದಳು ಅಕ್ಕ. ಜೋರಾಗಿ ಅಲ್ಲ. ಕೇಳಿಸುವಷ್ಟು.

ಮೂಲೆಯ ಖಾಲಿ ಮಂಚದ ಪಕ್ಕ ನಿಲ್ಲಿಸಿ ಮೋಟಾರ್ ಹಾಕಿದೆವು. ಹಿಟ್ಟಿನ ಗಿರಣಿಯ ಸದ್ದು. ಮೇಲಿಂದ ಬೀಪ್, ಬೀಪ್. ಮಧ್ಯಾಹ್ನದ ನಿದ್ದೆಯಲ್ಲಿದ್ದ ಇಪ್ಪತ್ತೆರಡು ರೋಗಿಗಳೂ ಎದ್ದರು. ಕಿಟಕಿ ಬಳಿಯ ತಾತ ಕೇಳಿದರು, "ಬಸ್ ಬಂತಾ?"

ವಾಪಸ್ ಹೊತ್ತುಕೊಂಡು ಬಂದೆವು. ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ.


ಫೆಬ್ರವರಿ 9, ಶುಕ್ರವಾರ

ಇವತ್ತು ಮಾತಾಡಿದರು. ಆಡದಿದ್ದರೆ ಚೆನ್ನಾಗಿತ್ತು.

ಬೋಲ್ಟು ಬ್ರದರ್ ಮೇಲೆ ಹರಿಹಾಯ್ದ. "ಮಂಚದ ನಡುವೆ ಜಾಗ ಕಮ್ಮಿ ಅಂತ ಮೊದಲೇ ಹೇಳಬಾರದಿತ್ತಾ?"

"ಹೇಳಿದ್ದೆ."

"ಯಾವಾಗ?"

ಬ್ರದರ್ ಎದ್ದು ಹೋಗಿ ಫೈಲು ತೆಗೆದ. ಎರಡನೇ ಪುಟ. ತಾನು ಬರೆದದ್ದನ್ನೇ ಓದಿದ — ಎರಡು ಬೆಡ್ ನಡುವೆ ಒಬ್ಬರು ಅಡ್ಡ ನಿಂತಷ್ಟು ಜಾಗ.

"ಅಡ್ಡ ನಿಂತಷ್ಟು ಅಂದ್ರೆ ಎಷ್ಟಪ್ಪಾ? ಅದು ಅಳತೆನಾ?"

"ನಮಗೆ ಅದೇ ಅಳತೆ. ದಿನಾ ನಿಲ್ಲೋದು ನಾವು."

ಬೋಲ್ಟು ಫೈಲು ಎಳೆದುಕೊಂಡು ನೋಡಿದ. ಆ ಪುಟವನ್ನು ಅವನು ಓದಿರಲಿಲ್ಲ. ಬೀಪ್ ಓದಿರಲಿಲ್ಲ. ನಾನೂ ಓದಿರಲಿಲ್ಲ. ಡ್ರಾಯಿಂಗ್ ಇದ್ದಿದ್ದರೆ ಮೂವರೂ ನೋಡುತ್ತಿದ್ದೆವು.

ಇನ್ನೊಂದು ಬಯಲಾಯಿತು. ಲೋಡ್ ಜಾಸ್ತಿ ಎಂದು ಬ್ರದರ್ ಹೇಳಿದ್ದು — ವಾರ್ಡಿನಲ್ಲಿ ರೋಗಿಗಳ ಸಂಖ್ಯೆ ಜಾಸ್ತಿ ಎಂದು. ಬೋಲ್ಟು ತೂಕ ಎಂದುಕೊಂಡು ಇನ್ನೂರು ಕೆಜಿ ತಾಳುವ ಚೌಕಟ್ಟು ಮಾಡಿದ. ಬೀಪ್ ಕರೆಂಟ್ ಎಂದುಕೊಂಡು ದೊಡ್ಡ ಮೋಟಾರ್ ತಂದಳು. ಒಂದೇ ಪದ. ಮೂವರೂ ತಲೆಯಾಡಿಸಿ ಮೂರು ದಾರಿ ಹಿಡಿದರು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು — ಇಲ್ಲಿ ಎರಡಕ್ಕೂ ತಾವು ಒಂದೇ ಕಡೆ ಎಳೆಯುತ್ತಿದ್ದೇವೆ ಎಂಬ ನಂಬಿಕೆ ಬೇರೆ.

ಎಲ್ಲ ಮುಗಿದ ಮೇಲೆ ನೂಲು ನನ್ನ ಮೇಜಿನ ಹತ್ತಿರ ಬಂದಳು. "ನಾನು ನಮ್ಮ ಡಿಪಾರ್ಟ್‌ಮೆಂಟಿಗೆ ವಾಪಸ್ ಹೋಗ್ತೀನಿ ಮೇಡಂ. ಇಲ್ಲಿ ನನ್ನ ಅಗತ್ಯ ಕಾಣಲ್ಲ."

ಯಾಕೆ ಎಂದೆ. ವರದಿಯ ಮೊದಲ ಪುಟ ತೋರಿಸಿದಳು. ನಾಲ್ಕು ಹೆಸರು, ಎದುರಿಗೆ ಕೆಲಸ. ಅವಳ ಎದುರಿಗೆ — ಅಂದಚಂದ ಮತ್ತು ಪೋಸ್ಟರ್.

ನನ್ನ ಕೈಬರಹ.


ಫೆಬ್ರವರಿ 19, ಸೋಮವಾರ

ಹತ್ತು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಬೋಲ್ಟು ಕ್ಲಾಸಿನಲ್ಲಿ ಕಣ್ಣು ತಪ್ಪಿಸುತ್ತಾನೆ. ಎಚ್‌ಒಡಿ ಕಾರಿಡಾರಿನಲ್ಲಿ ಸಿಕ್ಕಾಗ, "ಹೇಗಿದೆ ಮೇಡಂ ನಿಮ್ಮ ಸಮ್ಮಿಶ್ರ ಸರ್ಕಾರ?" ಎಂದರು. ನಕ್ಕೆ. ಎಷ್ಟು ನಕ್ಕೆನೋ ಅಷ್ಟು ಉರಿಯಿತು.

ಊಟದ ಹೊತ್ತಿಗೆ ಇವರ ಎದುರು ಎಲ್ಲ ಕಕ್ಕಿದೆ. ಇವರು ಪ್ರೆಸ್ಸಿನಲ್ಲಿ ಕರಡು ತಿದ್ದುವವರು, ಇಡೀ ದಿನ ಪದಗಳ ಜೊತೆಗೇ ಬಾಳು. ಕೇಳಿ, ನೀರು ಕುಡಿದು ಹೇಳಿದರು — "ಗೊತ್ತಿಲ್ಲದ ಪದ ಬಂದ್ರೆ ಯಾರಾದ್ರೂ ಕೇಳ್ತಾರೆ ಕಣೇ. ಗೊತ್ತಿರೋ ಪದಾನೇ ಅಪಾಯ."

ಅಕ್ಕ ತಟ್ಟೆಯಿಂದ ತಲೆ ಎತ್ತಲಿಲ್ಲ. "ಆ ಮಕ್ಕಳನ್ನ ಒಂದು ದಿನ ನನ್ನ ಹತ್ರ ಕಳಿಸು. ಪೆನ್ನು ಬೇಡ, ಟೇಪು ಬೇಡ, ಲ್ಯಾಪ್‌ಟಾಪ್ ಬೇಡ. ಕೈ ತೊಳ್ಕೊಂಡು ಬರ್ಲಿ ಸಾಕು."

"ಮೂರೇ ಜನ ಇದಾರೆ ಅಕ್ಕ ಈಗ."

"ನಾಲ್ಕನೆಯವಳನ್ನ ಕಳ್ಕೊಂಡಿದ್ದು ಯಾರು?"

"ನಾನೇ."

"ಹಾಗಾದ್ರೆ ಹುಡುಕೋದೂ ನೀನೇ."


ಫೆಬ್ರವರಿ 20, ಮಂಗಳವಾರ

ಜವಳಿ ವಿಭಾಗ ನಮ್ಮ ಕಟ್ಟಡದ ಹಿಂದೆಯೇ ಇದೆ. ಹದಿನಾರು ವರ್ಷದಲ್ಲಿ ಒಳಗೆ ಕಾಲಿಟ್ಟದ್ದು ಇವತ್ತೇ ಮೊದಲು. ಮಗ್ಗದ ಕೋಣೆ. ಮರ, ಎಣ್ಣೆ, ಹತ್ತಿಯ ಧೂಳು. ನೂಲು ಮಗ್ಗದಲ್ಲಿ ಕೂತಿದ್ದಳು, ನೋಡಿ ಎದ್ದು ನಿಂತಳು.

ತಪ್ಪಾಯಿತು ಎಂದೆ. ಮಕ್ಕಳಿಗೆ ಈ ಮಾತು ಹೇಳಿ ಅಭ್ಯಾಸವಿಲ್ಲ. ನಿನಗೇನು ಗೊತ್ತು ಎಂದು ಕೇಳದೆಯೇ ಕೆಲಸ ಹಂಚಿದೆ. ಮೇಷ್ಟ್ರಾಗಿ ಅದು ಮೊದಲ ತಪ್ಪು.

ಅವಳು ಕಪಾಟಿನಿಂದ ಒಂದು ಬಟ್ಟೆಯ ತುಂಡು ತಂದು ಮೇಜಿನ ಮೇಲೆ ಹಾಸಿದಳು. "ಕೈ ಇಟ್ಟು ಎಳೀರಿ ಮೇಡಂ." ಎಳೆದೆ. ನುಣ್ಣಗೆ ಜಾರಿತು. "ಈಗ ಈ ಕಡೆಗೆ." ಅಂಗೈ ನಿಂತುಬಿಟ್ಟಿತು. ಅದೇ ಬಟ್ಟೆ. ಒಂದು ದಿಕ್ಕಿಗೆ ಜಾರುತ್ತದೆ, ಇನ್ನೊಂದು ದಿಕ್ಕಿಗೆ ಹಿಡಿಯುತ್ತದೆ. ನೇಯುವಾಗಲೇ ಸಣ್ಣ ಏಣು ಬಿಡುತ್ತಾಳಂತೆ, ನೇಗಿಲ ಸಾಲಿನ ಹಾಗೆ.

"ನಾನೊಬ್ಬಳೇ ವಾರ್ಡಿಗೆ ಹೋಗಿ ನೋಡಿದ್ದೆ. ಪೇಷಂಟ್ ಕಾಲ್ಕಡೆಗೆ ಜಾರ್ತಾ ಇರ್ತಾರೆ, ಸಿಸ್ಟರ್ಸ್ ಮತ್ತೆ ಮತ್ತೆ ಮೇಲೆ ಎಳೀತಾ ಇರ್ತಾರೆ. ಉದ್ದಕ್ಕೆ ಹಿಡಿದು ಅಡ್ಡಕ್ಕೆ ಜಾರಿದ್ರೆ ಅರ್ಧ ಕೆಲಸ ಹಾಸೇ ಮಾಡುತ್ತೆ ಅಂತ ಅನ್ನಿಸ್ತು."

"ಯಾವಾಗ ಅನ್ನಿಸಿದ್ದು?"

"ಜನವರೀಲಿ."

ಜನವರಿಯಲ್ಲಿ ನಾನು ಅವಳಿಗೆ ಬಣ್ಣ ಆರಿಸು ಎಂದಿದ್ದೆ.

ನಾಳಿದ್ದು ವಾರ್ಡಿಗೆ ಬರುತ್ತಾಳೆ.


ಫೆಬ್ರವರಿ 22, ಗುರುವಾರ

ಅಕ್ಕ ಬೆಳಿಗ್ಗೆ ಏಳಕ್ಕೆ ನಾಲ್ವರನ್ನೂ ನನ್ನನ್ನೂ ಸಾಲಾಗಿ ನಿಲ್ಲಿಸಿ ಕೈ ತೊಳೆಸಿದಳು. ಬೋಲ್ಟುವಿನ ಉಗುರು ನೋಡಿ ಎರಡನೇ ಸಲ ತೊಳೆಸಿದಳು.

ಆಮೇಲೆ ಅವನನ್ನೇ ಖಾಲಿ ಮಂಚದ ಮೇಲೆ ಮಲಗಿಸಿದಳು. "ನಿನಗೆ ಬಲಗಡೆ ಕೈಕಾಲು ಆಡಲ್ಲ ಅಂದ್ಕೊ. ಮಾತೂ ಬರಲ್ಲ." ಬೀಪ್‌ಗೂ ನೂಲಿಗೂ ಅವನ ಮಗ್ಗುಲು ಬದಲಿಸಲು ಹೇಳಿದಳು. ಇಬ್ಬರೂ ಮೊಣಕಾಲು ಕೊಟ್ಟು ಎಳೆದರು. ಎಂಬತ್ತೆಂಟು ಕೆಜಿ. ಬೆಟ್ಟ ಅಲುಗಿದಂತೆ ಒಂದಿಷ್ಟು ಅಲುಗಿದ. ಬೀಪ್‌ಗೆ ಬೆವರಿಳಿಯಿತು.

ಆಗ ಬ್ರದರ್ ಹತ್ತಿರ ಬಂದ. ಮೊದಲು ಬೋಲ್ಟುವಿನ ಭುಜದ ಮೇಲೆ ಕೈಯಿಟ್ಟ. ಬಾಗಿ ಕಿವಿಯ ಹತ್ತಿರ ಹೇಳಿದ, "ಈಗ ನಿಮ್ಮನ್ನ ಎಡಕ್ಕೆ ತಿರುಗಿಸ್ತೀನಿ. ಹೆದರ್ಬೇಡಿ, ಬೀಳಲ್ಲ. ಮೂರು ಎಣಿಸ್ತೀನಿ." ಮೂರು ತಿಂಗಳಲ್ಲಿ ಅವನು ಒಟ್ಟಿಗೆ ಇಷ್ಟು ಮಾತಾಡಿದ್ದು ಕೇಳಿರಲಿಲ್ಲ. ಅಲ್ಲ, ಇನ್ನೂ ಎರಡು ತಿಂಗಳೂ ಆಗಿಲ್ಲ, ಹಾಗನ್ನಿಸಿತು. ಮೂರು ಎಣಿಸುವಷ್ಟರಲ್ಲಿ ಬೋಲ್ಟುವನ್ನು ಸಲೀಸಾಗಿ ತಿರುಗಿಸಿದ.

ಎದ್ದ ಮೇಲೆ ಬೋಲ್ಟು ಮಂಚದ ಅಂಚಿನಲ್ಲೇ ಕೂತಿದ್ದ. "ಮೇಡಂ, ಎಳೆಯುವಾಗ ಬೀಳ್ತೀನಿ ಅನ್ನಿಸ್ತು. ನಿಜವಾಗ್ಲೂ. ನಮ್ಮ ಯಂತ್ರ ಅವರಿಗೆ ಏನೂ ಹೇಳದೇ ಎತ್ತಿಬಿಡ್ತಾ ಇತ್ತು, ಅಲ್ವಾ?"

ಹನ್ನೊಂದಕ್ಕೆ ನಿಜವಾದ ಸರದಿ. ಅಕ್ಕ ಮತ್ತೊಬ್ಬ ನರ್ಸು, ಒಂದಾದ ಮೇಲೊಂದು ಮಂಚ. ಪ್ರತಿ ಸಲ ಎತ್ತುವ ಮುಂಚೆ ಅಕ್ಕ ಉಸಿರು ಬಿಗಿಹಿಡಿಯುತ್ತಾಳೆ. ದವಡೆ ಗಟ್ಟಿಯಾಗುತ್ತದೆ. ಒಂಬತ್ತನೇ ಮಂಚದ ಹೊತ್ತಿಗೆ ಎಣಿಸುವುದನ್ನು ಬಿಟ್ಟೆ.


ಮಾರ್ಚ್ 1, ಶುಕ್ರವಾರ

ವರ್ಕ್‌ಶಾಪಿನ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದೇವೆ. ಎಲ್ಲರಿಗೂ ಗೊತ್ತಿರುವ ಪದಗಳ ಪಟ್ಟಿ. ಗೊತ್ತಿದೆ ಎಂದುಕೊಂಡಿರುವ ಪದಗಳು.

ಸ್ಟೇಬಲ್ — ಬೋಲ್ಟುವಿಗೆ ಉರುಳಿ ಬೀಳದ್ದು. ಬೀಪ್‌ಗೆ ವೋಲ್ಟೇಜ್ ಏರಿಳಿಯದ್ದು. ಬ್ರದರ್‌ಗೆ ಸದ್ಯಕ್ಕೆ ಜೀವಕ್ಕೆ ಅಪಾಯವಿಲ್ಲದ್ದು. ಬೋಲ್ಟು ತಪ್ಪೊಪ್ಪಿಕೊಂಡ — ಪೇಷಂಟ್ ಸ್ಟೇಬಲ್ ಎಂದು ಬರೆದದ್ದನ್ನು ಮಂಚದಿಂದ ಬೀಳುವುದಿಲ್ಲ ಎಂದು ಓದಿದ್ದನಂತೆ. ಬ್ರದರ್ ನಕ್ಕ. ನಗುವುದು ಬರುತ್ತದೆ ಆತನಿಗೆ.

ಫಿನಿಶ್ — ಬೋಲ್ಟುವಿಗೆ ಕಬ್ಬಿಣದ ಮೇಲ್ಮೈ ಎಷ್ಟು ನಯ ಎಂಬುದು. ನೂಲಿಗೆ ಬಟ್ಟೆಗೆ ಕೊನೆಗೆ ಕೊಡುವ ಸಂಸ್ಕಾರ. ಸಂಜೆ ಅಕ್ಕನನ್ನು ಕೇಳಿದೆ. "ಫಿನಿಶ್ ಅಂದ್ರೆ ಡ್ಯೂಟಿ ಮುಗೀತು, ಮನೆಗೆ ಹೋಗು ಅಂತ."

ಹೊಸ ವಿನ್ಯಾಸ ಯಾರದ್ದು ಎಂದು ಈಗ ಹೇಳಲಾಗದು. ಮಂಚದ ಚೌಕಟ್ಟಿಗೆ ಸಿಕ್ಕಿಸಿ, ಬೇಡವಾದಾಗ ತೆಗೆಯುವ ಒಂದು ಉದ್ದನೆಯ ಉರುಳೆ, ಹಾಸಿಗೆಗಿಂತ ಒಂದು ಮೊಳ ಎತ್ತರದಲ್ಲಿ. ನೂಲು ನೇಯ್ದ ಹಾಸಿನ ಅಂಚನ್ನು ಅದಕ್ಕೆ ಸಿಕ್ಕಿಸಿ ಹಿಡಿಕೆ ತಿರುಗಿಸಿದರೆ ಹಾಸು ಸುತ್ತಿಕೊಳ್ಳುತ್ತದೆ, ಮಲಗಿದವರು ನಿಧಾನವಾಗಿ ಮಗ್ಗುಲಾಗುತ್ತಾರೆ. ಕೈ ಬಿಟ್ಟರೂ ಹಿಂದಕ್ಕೆ ಉರುಳದಂತೆ ಬೋಲ್ಟು ಒಂದು ಹಲ್ಲಿನ ಚಕ್ರ ಕೂರಿಸಿದ್ದಾನೆ. ತಿರುಗಿಸಲು ಬೀಪ್‌ಳ ಸಣ್ಣ ಮೋಟಾರ್.

ಆರು ಕೆಜಿ. ಕಂಕುಳಲ್ಲಿ ಇಟ್ಟುಕೊಂಡು ನಡೆಯಬಹುದು.


ಮಾರ್ಚ್ 8, ಶುಕ್ರವಾರ

ಬೋಲ್ಟು ಮತ್ತೆ ರೋಗಿ. ಮೋಟಾರ್ ತಿರುಗಿತು, ಹಾಸು ಸುತ್ತಿತು, ಮಗ್ಗುಲಾದ. ಬೀಪ್ ಚಪ್ಪಾಳೆ ತಟ್ಟಿದಳು. ನಾನೂ ತಟ್ಟುವುದರಲ್ಲಿದ್ದೆ.

"ನಿಲ್ಲಿಸಿ," ಎಂದ ಬ್ರದರ್. ಇಷ್ಟು ಗಟ್ಟಿ ದನಿ ಇದೆಯೇ ಆತನಿಗೆ. ಬೋಲ್ಟುವಿನ ಅಂಗಿ ಎತ್ತಿ ಸೊಂಟ ತೋರಿಸಿದ. ಕೆಂಪು ಗೆರೆ. "ಇವನಿಗೆ ಇದು ಸಂಜೆಗೆ ಹೋಗುತ್ತೆ. ವಾರ್ಡಿನ ತಾತಂಗೆ ಇದು ಹುಣ್ಣಾಗುತ್ತೆ. ಮೋಟಾರ್ ಶುರುವಾಗೋವಾಗ ಜಗ್ಗುತ್ತೆ. ಕೈ ಆದ್ರೆ ಗೊತ್ತಾಗುತ್ತೆ, ಎಲ್ಲಿ ತಡೀತಿದೆ ಅಂತ. ಮೋಟಾರಿಗೆ ಗೊತ್ತಾಗಲ್ಲ."

ಬೀಪ್ ಮುಖ ಕಪ್ಪಿಟ್ಟಿತು. ಒಂದು ವಾರ ಅವಳು ಆ ಮೋಟಾರಿನ ಮೇಲೆ ತಲೆ ಕೆಡಿಸಿಕೊಂಡಿದ್ದಳು. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಜಗಳ ಬಂತು ಎಂದುಕೊಂಡೆ. ತಿರುಗಿ ಬಂದು ಕೇಳಿದ್ದು ಬೇರೆಯೇ.

"ಬ್ರದರ್, ಜಗ್ಗೋದು ಎಷ್ಟಾದ್ರೆ ತೊಂದ್ರೆ ಅಂತ ನಿನ್ನ ಕೈಗೆ ಗೊತ್ತು. ಅದನ್ನ ನಾನು ಅಳೀಲಾ?"

ಸಂಜೆಯವರೆಗೂ ಹಾಸಿನ ಕೆಳಗೆ ಕಾಗದದಷ್ಟು ತೆಳ್ಳನೆಯ ಸೆನ್ಸರುಗಳನ್ನು ಹರಡಿ, ಮೋಟಾರಿನಲ್ಲೊಮ್ಮೆ, ಬ್ರದರ್‌ನ ಕೈಯಲ್ಲೊಮ್ಮೆ ಹಿಡಿಕೆ ತಿರುಗಿಸಿ, ಅಂಕಿ ಬರೆದುಕೊಂಡಳು. ಮೋಟಾರನ್ನು ತಾನೇ ಸ್ಕ್ರೂ ಬಿಚ್ಚಿ ಪೆಟ್ಟಿಗೆಗೆ ಹಾಕಿದಳು. ಯಾರೂ ಹೇಳಿರಲಿಲ್ಲ.


ಮಾರ್ಚ್ 13, ಬುಧವಾರ

ಗಾಯದ ಮೇಲೆ ಬರೆ.

ಎಲೆಕ್ಟ್ರಾನಿಕ್ಸ್ ವಿಭಾಗದಿಂದ ಪತ್ರ. ಅವರ ನಿಯಮದಂತೆ ಅಂತಿಮ ವಸ್ತುವಿನಲ್ಲಿ ವಿದ್ಯಾರ್ಥಿಯ ಸರ್ಕ್ಯೂಟ್ ಇರಲೇಬೇಕು. ಇಲ್ಲದಿದ್ದರೆ ಪ್ರಾಜೆಕ್ಟಿಗೆ ಸೊನ್ನೆ. ಬೀಪ್‌ಗೆ ಸೊನ್ನೆ ಬಂದರೆ ಒಂದು ವರ್ಷ ಹಿಂದೆ.

ಕರೆದು ಹೇಳಿದೆ. ಬೇಕಾದರೆ ಎಲ್ಲಾದರೂ ಒಂದು ಪುಟ್ಟ ದೀಪ ಹಾಕು, ಅವರ ಬಾಯಿ ಮುಚ್ಚಿಸೋಣ ಎಂದೆ. ಹೇಳುವಾಗಲೇ ನಾಚಿಕೆಯಾಯಿತು.

"ದೀಪ ಹಾಕಿದ್ರೆ ಅದನ್ನ ಒರೆಸ್ಬೇಕು, ಚಾರ್ಜ್ ಮಾಡ್ಬೇಕು, ಕೆಟ್ರೆ ಸಿಸ್ಟರ್ ಅದನ್ನ ಪಕ್ಕಕ್ಕಿಡ್ತಾರೆ ಮೇಡಂ. ಬೇಡ."

"ಮತ್ತೆ ನಿನ್ನ ಮಾರ್ಕ್ಸು?"

ಬಾಗಿಲ ಬಳಿ ನಿಂತಿದ್ದ ಬೋಲ್ಟು ಹೇಳಿದ, "ಅವಳಿಗೆ ಸೊನ್ನೆ ಅಂದ್ರೆ ನನಗೂ ಸೊನ್ನೆ ಬರ್ಕೊಳ್ಳಿ." ಅವನ ಹಿಂದೆ ನೂಲು, ಬ್ರದರ್. ಮೂವರೂ ಎಷ್ಟು ಹೊತ್ತಿನಿಂದ ಅಲ್ಲಿದ್ದರೋ.

ಇದೇ ಮಕ್ಕಳು ಒಂದು ತಿಂಗಳ ಕೆಳಗೆ ಮುಖ ಮುಖ ನೋಡುತ್ತಿರಲಿಲ್ಲ. ಈಗ ನನ್ನ ಸರದಿ.


ಮಾರ್ಚ್ 18, ಸೋಮವಾರ

ಸಮಿತಿ ಸಭೆ. ಉದ್ದನೆಯ ಮೇಜು, ನಾಲ್ಕು ವಿಭಾಗದ ನಾಲ್ಕು ಮುಖ್ಯಸ್ಥರು.

ಎಲೆಕ್ಟ್ರಾನಿಕ್ಸ್‌ನವರು ಸಭ್ಯರು, ಗಟ್ಟಿ ಮನುಷ್ಯ. "ನಿಯಮ ಎಲ್ಲರಿಗೂ ಒಂದೇ ಮೇಡಂ. ಹುಡುಗಿ ಏನು ಮಾಡಿದ್ಳು ಅಂತ ತೋರಿಸೋಕೆ ಏನಾದ್ರೂ ಇರ್ಬೇಕಲ್ಲ."

ಬೀಪ್‌ಳ ಅಂಕಿ ಹಾಳೆಗಳನ್ನು ಅವರ ಮುಂದೆ ಹರಡಿದೆ. ನೂರ ಹನ್ನೆರಡು ಸಲ ಅಳತೆ. ಮೋಟಾರಿನಲ್ಲಿ ಮೈಮೇಲೆ ಬೀಳುವ ಜಗ್ಗು, ಕೈಯಲ್ಲಿ ಬೀಳುವ ಜಗ್ಗು. ಎರಡು ಗೆರೆ. ಒಂದು ಚೂಪಾದ ಗುಡ್ಡ, ಇನ್ನೊಂದು ನೀರಿನ ಅಲೆ. "ಈ ಸೆನ್ಸರ್ ಹಾಸನ್ನ ಅವಳೇ ಮಾಡಿದ್ದು ಸರ್. ಮೋಟಾರ್ ಯಾಕೆ ಬೇಡ ಅಂತ ಅದರಿಂದಲೇ ಗೊತ್ತಾಗಿದ್ದು. ಬೇಡ ಅಂತ ಲೆಕ್ಕ ಹಾಕಿ ತೋರಿಸೋದು ಎಂಜಿನಿಯರ್ ಕೆಲಸ ಅಲ್ಲ ಅಂದ್ರೆ, ನಾನು ಇಷ್ಟು ವರ್ಷ ಏನು ಪಾಠ ಮಾಡಿದೆನೋ ನನಗೆ ಗೊತ್ತಿಲ್ಲ."

ನನ್ನ ದನಿ ಎತ್ತರವಾಗಿತ್ತು. ನಿಲ್ಲಿಸಿದೆ.

ಅವರು ಹಾಳೆ ಎತ್ತಿಕೊಂಡರು. ಕನ್ನಡಕ ಏರಿಸಿ ಓದಿದರು. ಒಂದು ಪುಟ, ಎರಡು ಪುಟ. ಕೊನೆಗೆ, "ಇದನ್ನ ನನಗೆ ಯಾರೂ ತೋರಿಸಿರ್ಲಿಲ್ಲ" ಎಂದರು. ಆಮೇಲೆ ಪೆನ್ನು ಕೇಳಿದರು.

ನಾಲ್ಕು ಬೇರೆ ಬೇರೆ ಅಂಕಪಟ್ಟಿ ಬೇಡ, ನಾಲ್ವರಿಗೂ ಸೇರಿ ಒಂದೇ ಹಾಳೆ, ಎಲ್ಲ ವಿಭಾಗದವರೂ ಒಟ್ಟಿಗೆ ಕೂತು ನೋಡುವುದು ಎಂದಾಯಿತು. ನಾಲ್ಕು ಸಹಿ. ಕಡೆಯದು ನಮ್ಮ ಎಚ್‌ಒಡಿಯದ್ದು. ಅವರೂ ಹಾಕಿದರು. ಸ್ವಲ್ಪ ನಿಧಾನವಾಗಿ.

ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಹೊರಗೆ ಬಂದು ನಲ್ಲಿಯ ಹತ್ತಿರ ಮುಖ ತೊಳೆದುಕೊಂಡೆ.


ಮಾರ್ಚ್ 21, ಗುರುವಾರ, ಮಧ್ಯಾಹ್ನ 3

ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ.

ಡಾಕ್ಟರು ಒಪ್ಪಿದ್ದರು. ಮೊದಲ ರೋಗಿ ಕಿಟಕಿ ಬಳಿಯ ತಾತ. ಅವರ ಮಗಳಿಗೆ ಬ್ರದರ್ ಎಲ್ಲ ವಿವರಿಸಿ, ಸರಿ ಎಂದ ಮೇಲೆಯೇ. ತಾತ ನಿದ್ದೆಯಲ್ಲಿದ್ದರು. ಎಬ್ಬಿಸಿ ಹೇಳಬೇಕೇ ಎಂದು ಬ್ರದರ್ ನೋಡಿದ. "ಬೆಳಿಗ್ಗೆನೇ ಹೇಳಿದೀನಿ ಅವರಿಗೆ," ಎಂದಳು ಅಕ್ಕ, "ಮಲಗಿರ್ಲಿ."

ಬೋಲ್ಟು ಉರುಳೆಯನ್ನು ಕಂಕುಳಲ್ಲಿ ತಂದು ಮಂಚಕ್ಕೆ ಸಿಕ್ಕಿಸಿದ. ಎರಡು ಮಂಚದ ನಡುವೆ ಅಡ್ಡ ನಿಂತು. ಹಾಸು ಬೆಳಿಗ್ಗೆಯೇ ತಾತನ ಕೆಳಗೆ ಇತ್ತು, ನೂಲು ಅದರ ಅಂಚನ್ನು ಸಿಕ್ಕಿಸಿ ಒಮ್ಮೆ ಕೈಯಾಡಿಸಿದಳು. ಸಹಾಯಕ್ಕೆ ಇನ್ನೊಬ್ಬ ನರ್ಸು ಮುಂದೆ ಬಂದಳು. ಅಕ್ಕ ಬೇಡ ಎಂದು ಕೈ ಮಾಡಿದಳು.

ಒಬ್ಬಳೇ. ಒಂದು ಕೈ ಹಿಡಿಕೆಯ ಮೇಲೆ, ಇನ್ನೊಂದು ಕೈ ತಾತನ ಭುಜದ ಮೇಲೆ.

ತಿರುಗಿಸಿದಳು. ಸದ್ದೇ ಇಲ್ಲ. ಹಲ್ಲಿನ ಚಕ್ರಕ್ಕೆ ನೂಲು ಒಳಗಡೆ ಬಟ್ಟೆ ಕೊಟ್ಟಿದ್ದಾಳೆ. ತಾತನ ಬೆನ್ನು ಒಂದಿಷ್ಟು ಏರಿತು, ಸೊಂಟ ಏರಿತು, ಇಡೀ ಮೈ ಅಲೆಯ ಹಾಗೆ ಎಡಕ್ಕೆ ವಾಲಿತು. ಬ್ರದರ್ ದಿಂಬು ಕೊಟ್ಟ. ನಾನು ತಾತನನ್ನು ನೋಡುತ್ತಿರಲಿಲ್ಲ. ಅಕ್ಕನ ದವಡೆ ನೋಡುತ್ತಿದ್ದೆ. ಅದು ಬಿಗಿಯಲಿಲ್ಲ. ಉಸಿರಾಡುತ್ತಲೇ ಇದ್ದಳು, ಒಣಗಿದ ಬಟ್ಟೆ ಮಡಚುವಾಗ ಉಸಿರಾಡುವಷ್ಟು ಸಲೀಸಾಗಿ.

ನಲವತ್ತು ಸೆಕೆಂಡು. ತಾತ ಏಳಲೇ ಇಲ್ಲ. ಸಣ್ಣಗೆ ಗೊರಕೆ.

ಅಕ್ಕ ಕೈ ಬಿಟ್ಟು ಹಿಂದಕ್ಕೆ ಸರಿದು, ಎಲ್ಲರನ್ನೂ ಒಮ್ಮೆ ನೋಡಿದಳು. ಹೊಗಳುವ ಚಾಳಿ ಅವಳಿಗಿಲ್ಲ. "ಇನ್ನೊಂದು ಬೆಡ್ ನೋಡೋಣ," ಎಂದಳು.

ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ಆರನೆಯದಕ್ಕೆ ಬೋಲ್ಟು ಹೊರಗೆ ಓಡಿ ಬಂದು ಈ ಬೆಂಚಿನಲ್ಲೇ ಕೂತು ಅತ್ತ. ಆರಡಿ ಆಳು. ಬ್ರದರ್ ಪಕ್ಕದಲ್ಲಿ ಸುಮ್ಮನೆ ಕೂತಿದ್ದ. ಸುಮ್ಮನಿರುವುದೂ ಒಂದು ವಿದ್ಯೆ ಎಂದು ಈಗ ಗೊತ್ತು.


ಮಾರ್ಚ್ 28, ಗುರುವಾರ

ಅಂತಿಮ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ದುಡಿದ ಹಿರಿಯರು, ಮಾತು ಕಡಿಮೆ. ನಾಲ್ಕು ವಿಭಾಗದವರೂ ಒಂದೇ ಸಾಲಿನಲ್ಲಿ.

ಬೋಲ್ಟು ಶುರು ಮಾಡಿದ. ಚರ್ಮದ ಬಗ್ಗೆ. ವಯಸ್ಸಾದವರ ಚರ್ಮ ಹೇಗೆ ತೆಳುವಾಗುತ್ತದೆ, ಒತ್ತಡಕ್ಕಿಂತ ಜಗ್ಗು ಯಾಕೆ ಕೆಟ್ಟದ್ದು — ಐದು ನಿಮಿಷ. ಆಮೇಲೆ ಬ್ರದರ್ ಎದ್ದು ಘರ್ಷಣೆ ವಿವರಿಸಿದ, ಉರುಳೆಯ ವ್ಯಾಸ ಯಾಕೆ ಅಷ್ಟೇ ಎಂದು ಬೋರ್ಡಿನ ಮೇಲೆ ಲೆಕ್ಕ ಬರೆದ. ನೂಲು ಚೌಕಟ್ಟಿನ ಹಿಡಿತ ಹೇಳಿದಳು, ಬೀಪ್ ಬಟ್ಟೆಯ ಏಣು. ಯಾರೂ ಹೀಗೆ ಹಂಚಿಕೊಳ್ಳಿ ಎಂದು ಹೇಳಿಕೊಟ್ಟಿರಲಿಲ್ಲ. ನನಗೇ ಆಶ್ಚರ್ಯ.

ಹಿರಿಯರು ಪೆನ್ನು ಕೆಳಗಿಟ್ಟರು. "ಇದರಲ್ಲಿ ಮೆಕ್ಯಾನಿಕಲ್ ಯಾರು?"

ಬೋಲ್ಟು ಕೈ ಎತ್ತಿದ.

"ನಿನ್ನನ್ನ ನರ್ಸ್ ಅಂದ್ಕೊಂಡಿದ್ದೆ ನಾನು."

"ಆಗಬಹುದು ಸರ್," ಎಂದ ಬೋಲ್ಟು. ಇಡೀ ಕೋಣೆ ನಕ್ಕಿತು.

ಬೀಪ್ ಕಡೆ ತಿರುಗಿದರು. "ಎಲೆಕ್ಟ್ರಾನಿಕ್ಸ್ ಎಲ್ಲಮ್ಮಾ ಇದರಲ್ಲಿ?"

"ಮೋಟಾರ್ ಹಾಕಿದ್ದೂ ನಾನೇ, ತೆಗೆದಿದ್ದೂ ನಾನೇ ಸರ್. ಹಾಕೋಕೆ ಒಂದು ವಾರ ಆಯ್ತು. ತೆಗೀಬಹುದು ಅಂತ ಸಾಬೀತು ಮಾಡೋಕೆ ಹತ್ತು ದಿನ."

ಅವರು ಅವಳ ಗೆರೆಗಳ ಹಾಳೆಯನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು. ಕೇಳಲೂ ಇಲ್ಲ.

ಈ ವರ್ಷದ ಪ್ರಾಜೆಕ್ಟುಗಳಲ್ಲಿ ಮೊದಲ ಸ್ಥಾನ. ಕೋರ್ಸು ಮುಂದಿನ ವರ್ಷಕ್ಕೂ ಇದೆ. ಹನ್ನೆರಡು ಮಕ್ಕಳು, ಐದು ವಿಭಾಗ. ಎಚ್‌ಒಡಿ ಎಲ್ಲರ ಮುಂದೆ ಘೋಷಿಸಿದರು, ಮೊದಲಿನಿಂದಲೂ ತಮ್ಮದೇ ಯೋಚನೆ ಎಂಬಂತೆ. ಇರಲಿ. ಗೆದ್ದ ದಿನ ಎಲ್ಲರಿಗೂ ಪಾಲು.


ಏಪ್ರಿಲ್ 3, ಬುಧವಾರ

ಅಕ್ಕನ ಮೆಡಿಕಲ್ ರಿಪೋರ್ಟ್ ಬಂತು. ಭಾರ ಎತ್ತುವಂತಿಲ್ಲ. ಎತ್ತದೆ ನಡೆಯುವುದಾದರೆ ವಾರ್ಡಿನಲ್ಲೇ ಇರಬಹುದು.

ಕಾಗದವನ್ನು ಊಟದ ಮೇಜಿನ ಮೇಲೆ ಇಟ್ಟು ಅಕ್ಕ ಹೇಳಿದಳು, "ಎಂಟನೇ ವಾರ್ಡಲ್ಲಿ ಈಗ ಯಾರೂ ಎತ್ತಲ್ಲ ಅಂತ ಬರ್ಕೊಟ್ಟೆ. ಡಾಕ್ಟ್ರು ಬಂದು ನೋಡಿ ಸಹಿ ಹಾಕಿದ್ರು." ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ತೆಗೆದಳು. ಚಿಕ್ಕವಳಿದ್ದಾಗ ಜ್ವರ ನೋಡುತ್ತಿದ್ದ ಹಾಗೆ. ಇವರು ಎದ್ದು ಸುಮ್ಮನೆ ಮೂರು ಲೋಟ ಕಾಫಿ ತಂದರು.


ಏಪ್ರಿಲ್ 9, ಮಂಗಳವಾರ, ಬೆಳಿಗ್ಗೆ 11

ಕ್ಲಾಸಿನ ನಡುವೆ ಅಕ್ಕನ ಫೋನು. ಹೀಗೆ ಯಾವತ್ತೂ ಮಾಡಿದವಳಲ್ಲ, ಹೊರಗೆ ಬಂದು ಎತ್ತಿದೆ.

"ನಿನ್ನ ಮಕ್ಕಳನ್ನ ಕಳಿಸು. ಉರುಳೆ ಇಲ್ಲ."

"ಇಲ್ಲ ಅಂದ್ರೆ?"

"ಒಂಬತ್ತನೇ ವಾರ್ಡಿನವಳು ಬೆಳಿಗ್ಗೆ ಒಂದು ಗಳಿಗೆ ಕೊಡಿ ಅಂತ ಒಯ್ದಳು. ಈಗ ಕೇಳಿದ್ರೆ ಕೊಡಲ್ವಂತೆ. ನೀವು ಇನ್ನೊಂದು ಮಾಡಿಸ್ಕೊಳ್ಳಿ, ನಿಮ್ಮ ತಂಗಿ ಇದಾಳಲ್ಲ ಅಂತಾಳೆ. ಬಾಗಿಲು ಹಾಕ್ಕೊಂಡಿದಾಳೆ ಕಣೇ."

ದನಿಯಲ್ಲಿ ಸಿಟ್ಟು. ಅದರ ಕೆಳಗೆ ನಗು. ಅಕ್ಕನಿಗೆ ನಗು ಮುಚ್ಚಿಡಲು ಬರುವುದಿಲ್ಲ.

ಬೋಲ್ಟು ಆಗಲೇ ಹೊರಟ, ಕೈಯಲ್ಲಿ ಡ್ರಾಯಿಂಗ್. ನೂಲು ಮಗ್ಗಕ್ಕೆ ಹೊಸ ಹಾಸು ಏರಿಸಲು ಓಡಿದಳು. ಬ್ರದರ್ ಒಂಬತ್ತನೇ ವಾರ್ಡಿನಿಂದಲೇ ಮೆಸೇಜ್ ಕಳಿಸಿದ್ದಾನೆ, ಅಳತೆ ಸಮೇತ, ಸೆಂಟಿಮೀಟರಿನಲ್ಲಿ. ಅಲ್ಲಿಯ ಹೆಡ್ ಸಿಸ್ಟರ್ ಎಡಗೈಯವರಂತೆ, ಹಿಡಿಕೆ ತಿರುಗಿಸಲು ಕಷ್ಟಪಡುತ್ತಿದ್ದಾರೆ, ಆದರೂ ಬಿಡುತ್ತಿಲ್ಲ. ಇದನ್ನು ನಾವು ಯೋಚಿಸಿಯೇ ಇರಲಿಲ್ಲ. ಬೀಪ್ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ. ಹಿಡಿಕೆ ಎರಡೂ ಬದಿಗೆ ಬರಬೇಕು, ಅಂದರೆ ಹಲ್ಲಿನ ಚಕ್ರ ಎರಡೂ ಕಡೆಗೆ ತಿರುಗುವಂತೆ, ಅಂದರೆ ಬೋಲ್ಟು ಈಗ ಆ ಡ್ರಾಯಿಂಗನ್ನೇ ಬದಲಿಸಬೇಕು. ಹೊರಟೆ.